ಒಂದೇ ಒಲಿ, ನಾಲ್ಕು ಡಯಟ್: ರೊಟ್ಟಿ, ಓಟ್ಸು, ಕೀಟೋ, ಉಪವಾಸ, ಜಿಮ್ಮು, ವಾಕಿಂಗು, ಯಾವುದು ಹಿಡೀಬೇಕು

ಹೋದ ದೀಪಾವಳಿ ಮುಗದು ಹತ್ತು ದಿನಕ್ಕ ನಮ್ಮ ಮನ್ಯಾಗ ಎಲ್ಲಾರೂ ಕೂಡಿ ರಕ್ತ ಟೆಸ್ಟ್ ಮಾಡಿಸ್ಕೊಂಡ್ವಿ. ಅತ್ತಿಯವ್ರಿಗೆ ಮೊದಲಿಂದ್ಲೂ ಶುಗರ್ ಅದ, ಗುಳಗಿ ನಡದಾವ, ಅವ್ರದು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರಿ ಸರಾಸರಿ ಹೇಳೋ ರಕ್ತ ಟೆಸ್ಟ್) 7.6 ಬಂತು. ನಮ್ಮ ಮನಿಯವ್ರದು 6.1, ಅಂದ್ರ ಶುಗರ್ ಇನ್ನಾ ಮನಿಯೊಳಗ ಬಂದಿಲ್ಲ ಆದ್ರ ಹೊಸ್ತಲ ಮ್ಯಾಲ ನಿಂತದ, 5.7ರಿಂದ 6.4ರ ತನಕ ಹೊಸ್ತಲ, 6.5 ಆಯ್ತಂದ್ರ ಒಳಗ ಬಂದಂಗ. ಮೈದುನಂದು ಶುಗರ್ ನಾರ್ಮಲ್, ಸೊಂಟ ಮಾತ್ರ 98 ಸೆಂಟಿಮೀಟರ್, ನಮ್ಮ ಕಡಿ ಗಂಡಸ್ರಿಗೆ 90 ದಾಟಬಾರದು ಹೆಣ್ಮಕ್ಕಳಿಗೆ 80 ದಾಟಬಾರದು ಅಂತ ಲೆಕ್ಕ ಅದ. ನಂದು 86. ಡಾಕ್ಟರ್ ಹೇಳಿದ್ದು ಎರಡೇ ಮಾತು, ತೂಕ ಜರಾ ಇಳಿಸ್ರಿ, ದಿನಾ ನಡೀರಿ.

ಆ ಎರಡು ಮಾತು ದವಾಖಾನಿಯಿಂದ ಮನಿಗೆ ಬಂದು ಮುಟ್ಟೋದ್ರಾಗ ಇಪ್ಪತ್ತಾದ್ವು ನೋಡ್ರಿ. ಮಗ್ಗಲ ಮನಿ ಕಾಕಾ ಅನ್ನ ಪೂರಾ ಬಿಡ್ರಿ ಅಂದ್ರು, ಅವ್ರ ಹೆಂಡ್ತಿ ಅನ್ನ ಬಿಟ್ರ ಕೈಕಾಲಾಗ ಕಸುವು ಹೋಗ್ತದ ರೊಟ್ಟಿ ಬಿಡ್ರಿ ಅಂದ್ರು, ಬೀದರದಿಂದ ಫೋನ್ ಮಾಡಿದ ನಮ್ಮ ಅಕ್ಕ ಎರಡೂ ಬಿಡಬ್ಯಾಡ್ರಿ ರಾತ್ರಿ ಊಟ ಬಿಡ್ರಿ ಅಂದ್ಳು. ಮನಿಯವ್ರು ಆಫೀಸಿನಾಗ ಯಾರದೋ ಮಾತು ಕೇಳಿ ಅನ್ನ ರೊಟ್ಟಿ ಬಿಟ್ಟು ಬೆಣ್ಣಿ ತುಪ್ಪ ತಿನ್ನೋ ಕೀಟೋ ಹಿಡದ್ರು. ಮೈದುನ ಜಿಮ್ಮಿಗೆ ರೊಕ್ಕ ಕಟ್ಟಿ ಓಟ್ಸು ಮತ್ತ ಪ್ರೋಟೀನ್ ಡಬ್ಬಿ ತಂದ. ಅತ್ತಿಯವ್ರು ಮೆಂತ್ಯದ ನೀರು, ಹಾಗಲಕಾಯಿ ರಸ, ಸೋಮವಾರದ ಉಪವಾಸ. ನಾ ವಾಕಿಂಗ್ ಅಂತ ಅಂದ್ಕೊಂಡೆ. ಮಾವನವ್ರು ಮಾತ್ರ ತಾಟಿನ ಮುಂದ ಕುಂತು "ನನಗ ರೊಟ್ಟಿ ಹಾಕವಾ" ಅಂದ್ರು, ಆ ದಿವಸ ಅವ್ರ ಮ್ಯಾಲ ನನಗ ಎಷ್ಟ್ ಪ್ರೀತಿ ಬಂತು ಅಂತ ಹೇಳಕ್ಕಾಗಲ್ಲ, ಯಾಕಂದ್ರ ಆ ಟೈಮಿನಾಗ ಒಂದೇ ಒಲಿ ಮ್ಯಾಲ ಬೆಣ್ಣಿ ಕಾಫಿ, ಓಟ್ಸು, ಮೆಂತ್ಯದ ನೀರು, ಮಕ್ಕಳ ಡಬ್ಬಿ, ಮ್ಯಾಲಿಂದ ರೊಟ್ಟಿ ಬಡೀತಿದ್ದಾಕಿ ನಾ ಒಬ್ಬಾಕಿನೇ. ವಾಕಿಂಗಿಗೆ ಹೋಗೂದು ಎಲ್ಲಿಂದ?

ಅದಕ್ಕ ಈ ಹೋಲಿಕಿ ಬರಿಲಿಕ್ಕತ್ತೀನಿ. ಇಂಥಾ ಸಲಹಾ ಹೋಲಿಸೋವಾಗ ಎಲ್ಲಾರೂ ಎಷ್ಟು ದಿನಕ್ಕ ಎಷ್ಟು ಕಿಲೋ ಅಂತ ಕೇಳ್ತಾರ, ನಾ ಹೇಳೂದು ಅದಕ್ಕಿಂತ ಮೊದಲ ಒಂದು ಕೇಳ್ರಿ, ಇದನ್ನ ಮಾಡಿ ಹಾಕೋರು ಯಾರು? ಒಬ್ಬರ ಡಯಟ್ ಇನ್ನೊಬ್ಬರ ನಡು ಮುರಿಯೋದಾದ್ರ ಆ ಡಯಟ್ ಎರಡ್ ತಿಂಗಳಕ್ಕ ನಿಲ್ತದ, ಇದು ನಾ ನಮ್ಮ ಮನ್ಯಾಗೇ ನೋಡಿದ್ದು. ಆಮ್ಯಾಲ ಕೇಳೂದು ಏನಂದ್ರ ನಮ್ಮ ಕಲಬುರಗಿಯ ಮೇ ತಿಂಗಳ 42–43 ಡಿಗ್ರಿ ಬಿಸಲಾಗ ಇದು ನಡೀತದೇನು, ಮದಿವಿ ಸೀಸನ್ ದಾಟ್ತದೇನು, ಮತ್ತ ಗುಳಗಿ ತಗೊಳೋರಿಗೆ ಧೋಕಾ ಇಲ್ಲದಂಗ ಅದ ಏನು.

ರೊಟ್ಟಿ, ಚಪಾತಿ, ಅನ್ನ, ಓಟ್ಸು

ನಮ್ಮ ಕಡಿ ಎಲ್ಲಾರ ಬಾಯಾಗ ಒಂದ್ ಮಾತದ, ಜೋಳದ ರೊಟ್ಟಿ ಎಷ್ಟ್ ತಿಂದ್ರೂ ನಡೀತದ, ಶುಗರ್ ಬರಲ್ಲ, ತೂಕ ಏರಲ್ಲ. ನಾ ಜೋಳದ ರೊಟ್ಟಿ ತಿಂದೇ ಬೆಳದಾಕಿ, ನನಗೂ ಇದು ಖರೆ ಇರ್ಲಿ ಅಂತಾನೇ ಆಸೆ. ಆದ್ರ ಒಂದಿನ ಅಡಗಿ ಮನಿ ತಕ್ಕಡಿ ಮ್ಯಾಲ ಹಿಟ್ಟು ಇಟ್ಟು ನೋಡ್ದೆ. ನಾ ಬಡಿಯೋ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು, ಅಂದ್ರ ಹತ್ತತ್ರ 200 ಕ್ಯಾಲರಿ. ಚಪಾತಿಗೆ 35 ಗ್ರಾಂ, ಎಣ್ಣಿ ಹಚ್ಚಲಿಲ್ಲಂದ್ರ 110ರ ಆಸುಪಾಸು. ಎರಡು ರೊಟ್ಟಿ ಅಂದ್ರ ಮೂರೂವರಿ ಚಪಾತಿ ಆದಂಗ! ಹಿಟ್ಟು ಹಿಟ್ಟಿಗೆ ಹೋಲಿಸಿದ್ರ 100 ಗ್ರಾಂ ಜೋಳದಾಗ 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರಿನಂಶ, ಹೊಟ್ಟು ತಗೀದ ಗೋಧಿ ಹಿಟ್ಟಿನಾಗೂ ಹೆಚ್ಚೂಕಡಿಮಿ ಅಷ್ಟೇ. ಬಿಳಿ ಅಕ್ಕಿಯಾಗ ಮಾತ್ರ ನಾರಿನಂಶ ಮೂರು ಗ್ರಾಮಿನೊಳಗ ಇಳೀತದ. ಹಂಗಾಗಿ ಜೋಳ ಮತ್ತ ಗೋಧಿ ನಡುವ ಜಗಳ ಬ್ಯಾಡ, ಇಬ್ರೂ ನಮ್ಮವ್ರೇ, ಅನ್ನದ ಜೋಡಿ ಹೋಲಿಸಿದ್ರ ಮಾತ್ರ ಫರಕು ದೊಡ್ಡದು.

ಮತ್ತ್ಯಾಕ ನಾ ರೊಟ್ಟಿ ಕಡಿಗೇ ವಾಲ್ತೀನಿ ಅಂದ್ರ ರೊಟ್ಟಿ ಒಂಟಿಯಾಗಿ ತಾಟಿಗೆ ಬರಂಗಿಲ್ಲ. ಅದರ ಜೋಡಿ ಪುಂಡಿ ಪಲ್ಯ ಬರ್ತದ, ತೊಗರಿ ಬ್ಯಾಳಿ ಬರ್ತದ, ಹಸಿ ಉಳ್ಳಾಗಡ್ಡಿ, ಮೊಸರು, ಮೆಂತ್ಯ ಸೊಪ್ಪು ಎಲ್ಲಾ ಬರ್ತಾವ. ಜೋಳದ ಪ್ರೋಟೀನಿನಾಗ ಲೈಸಿನ್ ಅನ್ನೋ ಒಂದು ಭಾಗ ಕಮ್ಮಿ, ಬ್ಯಾಳಿಯಾಗ ಅದು ಬರಪೂರ ಅದ, ಎರಡೂ ಕೂಡಿದ್ರ ಒಂದರ ಕೊರತಿ ಇನ್ನೊಂದು ತುಂಬ್ತದ. ನಮ್ಮ ಕಲಬುರಗಿ ತೊಗರಿಬ್ಯಾಳಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದೇ ಅನ್ನೋ ಸರ್ಕಾರದ ಗುರುತು, ಸಿಕ್ಕದ, ದೇಶದ ತುಂಬ ಮಂದಿ ನಮ್ಮ ಬ್ಯಾಳಿ ಹುಡುಕ್ಕೊಂಡು ತಗೊಳ್ತಾರ, ನಾವು ಮನ್ಯಾಗ ಅದನ್ನ ತಿಳಿ ಸಾರ ಮಾಡಿ ಅನ್ನದ ಮ್ಯಾಲ ಸುರಕೊಂಡು ಪ್ರೋಟೀನಿಗೆ ಡಬ್ಬಿ ತರ್ತೀವಿ, ಇದು ನನಗ ಖರೇನೇ ಹೊಟ್ಟಿ ಉರಿಸ್ತದ. ಬ್ಯಾಳಿ ಗಟ್ಟಿ ಮಾಡ್ರಿ, ರೊಟ್ಟಿ ಮೂರರಿಂದ ಎರಡಕ್ಕ ಇಳಿಸ್ರಿ, ಪಲ್ಯ ಎರಡು ಪಾಲು ಮಾಡ್ರಿ.

ಓಟ್ಸಿಗೆ ನಾ ಅನ್ಯಾಯ ಮಾಡಂಗಿಲ್ಲ. ಅದರಾಗ ಬೀಟಾ ಗ್ಲೂಕನ್ ಅಂತ ಒಂದು ನಾರು ಇರ್ತದ, ದಿನಾ ಅದು 3 ಗ್ರಾಂ ಹೊಟ್ಟಿಗೆ ಹೋದ್ರ ಕೆಟ್ಟ ಕೊಲೆಸ್ಟ್ರಾಲ್ ಜರಾ ಇಳೀತದ, ಇದು ಖರೆ. ಮುಂಜಾನಿ ಗಡಿಬಿಡಿ ಇರೋರಿಗೆ, ಪಿಜಿಯಾಗ ಒಬ್ಬರೇ ಇರೋ ಹುಡುಗ್ರಿಗೆ, ರೊಟ್ಟಿ ಬಡೀಲಿಕ್ಕೆ ಬರದವ್ರಿಗೆ ಓಟ್ಸು ಚಲೋ. ಆದ್ರ ಮಸಾಲಾ ಪ್ಯಾಕೆಟ್ ತರಬ್ಯಾಡ್ರಿ, ಅದರಾಗ ಉಪ್ಪು ಭಾಳ ಇರ್ತದ. ಒಂದು ಕಿಲೋ ಜೋಳಕ್ಕ ಕೊಡೋ ರೊಕ್ಕಕ್ಕ ಓಟ್ಸು ಅರ್ಧ ಕಿಲೋನೂ ಬರಲ್ಲ, ಅದೂ ಲೆಕ್ಕದಾಗ ಇರ್ಲಿ. ನಮ್ಮ ಮೈದುನ ಓಟ್ಸು ತಿಂದು ಹನ್ನೊಂದು ಗಂಟಿಗೆ ಹಸಿವಿ ತಾಳಲಾರದೆ ಸೂಪರ್ ಮಾರ್ಕೆಟ್ ಬಜಾರದ ಕಡಿ ಹೋಗಿ ಸುಸಲಾ ಮತ್ತ ಎರಡು ಮಿರ್ಚಿ ಭಜಿ ತಿಂದು ಬರ್ತಿದ್ದ. ತಪ್ಪು ಓಟ್ಸಿಂದಲ್ಲ, ಅಷ್ಟು ದೊಡ್ಡ ಹುಡುಗನಿಗೆ ಒಂದ್ ಸಣ್ಣ ಬಟ್ಟಲ ಸಾಲಂಗಿಲ್ಲ, ಅಷ್ಟೇ.

ಆಫೀಸಿಗೆ ಡಬ್ಬಿ ಒಯ್ಯೋರಿಗೆ ಕಡಕ್ ರೊಟ್ಟಿ. ತೆಳ್ಳಗ ಇರ್ತದ, ಅಗಿಲಿಕ್ಕೆ ಹೊತ್ತು ಹಿಡೀತದ, ಅಗಿಯೋದ್ರಾಗೇ ಹೊಟ್ಟಿ ತುಂಬಿದ ಸುದ್ದಿ ತಲಿಗೆ ಮುಟ್ತದ, ಮತ್ತ ಒಮ್ಮೆ ಮಾಡಿಟ್ರ ವಾರಗಟ್ಟಲೆ ಇರ್ತದ, ದಿನಾ ಮುಂಜಾನಿ ಬಡಿಯೋ ಕೆಲಸ ಇಲ್ಲ. ನಾ ಹೇಳಿದ್ನಲ್ಲ, ಮಾಡಿ ಹಾಕೋರು ಯಾರು ಅಂತ, ಅಲ್ಲಿ ಕಡಕ್ ರೊಟ್ಟಿ ಎಲ್ಲಾದಕ್ಕಿಂತ ಮುಂದ.

ಶೇಂಗಾ ಹಿಂಡಿ ಬಗ್ಗೆ ಒಂದ್ ಮಾತು. ಅದು ಔಷಧ ಅಲ್ಲ, ವಿಷಾನೂ ಅಲ್ಲ. 100 ಗ್ರಾಂ ಶೇಂಗಾದಾಗ 500ಕ್ಕಿಂತ ಹೆಚ್ಚು ಕ್ಯಾಲರಿ, 23–24 ಗ್ರಾಂ ಪ್ರೋಟೀನ್. ಎರಡು ಚಮಚ ಹಾಕ್ಕೊಳ್ರಿ, ತಾಟಿನಾಗ ಗುಡ್ಡ ಮಾಡಿ ಮ್ಯಾಲ ಎಣ್ಣಿ ಹೊಯ್ಕೊಂಡ್ರ ಆ ಎಣ್ಣಿನೇ ಇನ್ನೊಂದು ಅರ್ಧ ರೊಟ್ಟಿ ಆಗ್ತದ.

ಕೀಟೋ, 16 ತಾಸಿನ ಉಪವಾಸ, ಡಬ್ಬಿ ಪೌಡರು

ಕೀಟೋ ಅಂದ್ರ ದಿನಕ್ಕ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರಿ) 50 ಗ್ರಾಮಿನೊಳಗ ಇರಬೇಕು. ಒಂದು ರೊಟ್ಟಿಯಾಗೇ 40 ಗ್ರಾಂ ಹೋಯ್ತು, ಒಂದು ಕಪ್ ಹಾಲಿನ ಚಾ ಕುಡದ್ರ ದಿನದ ಲೆಕ್ಕ ಮುಗೀತು. ನಮ್ಮದು ಮಾಂಸ ತತ್ತಿ ತಿನ್ನದ ಮನಿ, ಹಂಗಾಗಿ ಮನಿಯವ್ರಿಗೆ ಉಳದಿದ್ದು ಪನೀರು, ತುಪ್ಪ, ಬೆಣ್ಣಿ ಹಾಕಿದ ಕಾಫಿ. ಮೊದಲನೇ ವಾರ ಎರಡೂವರಿ ಕಿಲೋ ಇಳೀತು ಅಂತ ಊರ ತುಂಬ ಹೇಳ್ಕೊಂಡು ಬಂದ್ರು. ಮೊದಲ ವಾರ ಹೋಗೂದು ಬಹಳಷ್ಟು ನೀರು, ದೇಹ ಕೂಡಿಟ್ಟ ಸಕ್ಕರಿ ಖರ್ಚಾದಾಗ ಅದರ ಜೋಡಿ ಹಿಡಕೊಂಡಿದ್ದ ನೀರೂ ಹೊರಗ ಹೋಗ್ತದ. ಮೂರನೇ ವಾರಕ್ಕ ಎಳ್ಳ ಅಮಾಸಿ ಬಂತು! ನಮ್ಮ ಕಡಿ ಎಳ್ಳ ಅಮಾಸಿ ಅಂದ್ರ ಏನಂತ ಇಲ್ಲಿಯವ್ರಿಗೆ ಹೇಳಬೇಕಾಗಿಲ್ಲ, ಹೊಲದಾಗ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡಬು, ಅಂಬಲಿ, ಎಲ್ಲಾ ಬಂಧು ಬಳಗ ಒಂದೇ ಗಿಡದ ನೆಳ್ಳಿಗೆ. ಅಲ್ಲಿ ಒಂದು ಡಬ್ಬಿಯಾಗ ಪನೀರು ತಗೊಂಡು ಕುಂತ ಗಂಡಸಿಗೆ ಎಷ್ಟು ಮಂದಿ ಏನ್ ಏನ್ ಕೇಳಿರಬೇಕು ನೀವೇ ಲೆಕ್ಕ ಹಾಕ್ರಿ. ಕೀಟೋ ಅವತ್ತೇ ಹೊಲದಾಗ ಮುಗೀತು.

ಖರೆ ಹೇಳಬೇಕಂದ್ರ ಆ ಭಜ್ಜಿನೇ ನಾ ಕಂಡ ಅತ್ಯಂತ ಚಲೋ ಡಯಟ್ ಊಟ. ಹತ್ತು ಹದಿನೈದು ನಮೂನಿ ಸೊಪ್ಪು, ಹಸಿ ಕಾಳು, ಹಸಿ ತೊಗರಿ, ಬದನಿಕಾಯಿ, ಗಜ್ಜರಿ ಎಲ್ಲಾ ಕೂಡಿಸಿ ಕುದಿಸಿದ್ದು. ಎಣ್ಣಿ ಕಮ್ಮಿ ಹಾಕಿದ್ರ ಇದಕ್ಕಿಂತ ಹೊಟ್ಟಿ ತುಂಬಿಸೋ ಹಗೂರ ಪಲ್ಯ ಇನ್ನೊಂದಿಲ್ಲ. ವರ್ಷಕ್ಕ ಒಂದೇ ದಿನ ಯಾಕ ಮಾಡ್ತೀವಿ ಅನ್ನೋದು ನನಗ ತಿಳೀವಲ್ದು, ನಾ ಈಗ ಸಿಕ್ಕ ಸೊಪ್ಪು ಹಾಕಿ ಹದಿನೈದು ದಿನಕ್ಕೊಮ್ಮೆ ಮಾಡ್ತೀನಿ.

ಯಾರಿಗೆ ಕೀಟೋ ನಡೀತದ ಅಂದ್ರ ತತ್ತಿ ಮಾಂಸ ತಿನ್ನೋರಿಗೆ, ಅಡಗಿ ತಾವೇ ಮಾಡ್ಕೊಳೋರಿಗೆ, ಡಾಕ್ಟರ್ ನಿಗಾದಾಗ ಇರೋರಿಗೆ. ಕಿಡ್ನಿ ತೊಂದ್ರಿ ಇದ್ದವ್ರು, ಬಸಿರಿದ್ದವ್ರು, ಶುಗರ್ ಗುಳಗಿ ತಗೊಳೋರು ತಾವೇ ಸುರು ಮಾಡಬಾರದು.

16 ತಾಸು ಉಪವಾಸ 8 ತಾಸಿನಾಗ ಊಟ, ಇದಕ್ಕ ಒಂದು ದೊಡ್ಡ ಗುಣ ಅದ, ಅಡಗಿ ಮಾಡೋರಿಗೆ ಹೊಸ ಕೆಲಸ ಇಲ್ಲ, ಮನಿ ಊಟಾನೇ, ಟೈಮ್ ಮಾತ್ರ ಬದಲು. ಪರೀಕ್ಷಾ ಮಾಡಿ ನೋಡಿದವ್ರು ಹೇಳೂದು ಏನಂದ್ರ ಇದು ದಿನಾ ಸ್ವಲ್ಪ ಕಮ್ಮಿ ತಿನ್ನೋ ಪದ್ಧತಿಯಷ್ಟೇ ಕೆಲಸ ಮಾಡ್ತದ, ಅದಕ್ಕಿಂತ ಜಾಸ್ತಿ ಜಾದೂ ಇಲ್ಲ. ರಾತ್ರಿ ಎಂಟರೊಳಗ ಊಟ ಮುಗಿಸಿ ಆಮ್ಯಾಲ ಟಿವಿ ಮುಂದ ಚಿವಡಾ ಖಾರಾ ತಿನ್ನದಂಗ ಇದ್ರ ಅದರ ಅರ್ಧ ಫಾಯ್ದಾ ಅಲ್ಲೇ ಬಂತು ಅಂತ ನನಗ ಅನಿಸ್ತದ. ನಮ್ಮ ಊರಾಗ ಶ್ರಾವಣ ಹಿಡಿಯೋರೂ ಇದ್ದಾರ, ರಂಜಾನ್ ರೋಜಾ ಇಡೋರೂ ಇದ್ದಾರ, ಉಪವಾಸ ಯಾರಿಗೂ ಹೊಸದಲ್ಲ. ಉಪವಾಸ ಬಿಡೋವಾಗ ಏನ್ ತಿಂತೀವಿ ಅನ್ನೋದ್ರಾಗ ಎಲ್ಲಾ ಅದ. ಸಾಬೂದಾನಿ ಕಿಚಡಿ ಅಂದ್ರ ಹೆಚ್ಚೂಕಡಿಮಿ ಪೂರಾ ಪಿಷ್ಟ, ಅತ್ತಿಯವ್ರು ಸೋಮವಾರ ಉಪವಾಸ ಅಂತ ಮುಂಜಾನಿಂದ ಹಸದು ಸಂಜಿಗೆ ಎರಡು ತಾಟು ಸಾಬೂದಾನಿ ತಿಂದ್ರ ಮಂಗಳವಾರ ಶುಗರ್ ಏರೇ ಇರ್ತಿತ್ತು.

ಇಲ್ಲಿ ಜರಾ ನಿಂದ್ರತೀನಿ, ಯಾಕಂದ್ರ ಇದು ಜೀವದ ಮಾತು. ಒಂದ್ ಸೋಮವಾರ ಅತ್ತಿಯವ್ರು ಗುಳಗಿ ತಗೊಂಡ್ರು, ಊಟ ಮಾಡಲಿಲ್ಲ, ಮ್ಯಾಲ ಹಾಗಲಕಾಯಿ ರಸ ಕುಡದ್ರು. ಹನ್ನೆರಡಕ್ಕ ಕೈ ನಡುಗ್ಲಿಕ್ಕತ್ವು, ಮೈ ತುಂಬ ತಣ್ಣನ ಬೆವರು, "ಕಣ್ಣಿಗೆ ಕತ್ತಲಿ ಬರ್ಲಿಕ್ಕತ್ತದ ನೋಡವಾ" ಅಂದ್ರು. ಮೀಟರ್ ಹಚ್ಚಿ ನೋಡಿದ್ರ ಶುಗರ್ 58, 70ರ ಮ್ಯಾಲ ಇರಬೇಕಾಗಿದ್ದು. ಮೂರ್ನಾಲ್ಕು ಚಮಚ ಸಕ್ಕರಿ ನೀರಾಗ ಕಲಸಿ ಕುಡಿಸಿದೆ, ಹದಿನೈದು ನಿಮಿಷಕ್ಕ ಮತ್ತ ನೋಡ್ದೆ, 70 ದಾಟಿತ್ತು, ಆಮ್ಯಾಲ ರೊಟ್ಟಿ ಬ್ಯಾಳಿ ತಿನ್ನಿಸಿದೆ. ಗ್ಲಿಮಿಪಿರೈಡ್ ತರದ ಗುಳಗಿ ಅಥವಾ ಇನ್ಸುಲಿನ್ ತಗೊಳೋರು ಡಾಕ್ಟರ್‌ನ ಕೇಳದೆ ಉಪವಾಸ ಮಾಡಲೇಬಾರದು. ಬರೇ ಮೆಟ್‌ಫಾರ್ಮಿನ್ ಇದ್ದವ್ರಿಗೆ ಹಿಂಗಾಗೂದು ಅಪರೂಪ, ಆದ್ರ ಮನ್ಯಾಗ ವಯಸ್ಸಾದವ್ರು ಯಾವ ಗುಳಗಿ ತಗೊಳ್ತಾರ ಅಂತ ನಮ್ಮೊಳಗ ಎಷ್ಟು ಮಂದಿಗೆ ಗೊತ್ತದ? ಇವತ್ತೇ ಚೀಟಿ ತಗದು ನೋಡ್ರಿ.

ಪೌಡರ್ ವಿಚಾರ ಸಣ್ಣದು. ಒಂದು ಸ್ಕೂಪ್ ವೇ ಪ್ರೋಟೀನ್ ಪುಡಿಯಾಗ (ಹಾಲಿನಿಂದ ತಗದಿದ್ದು) 24 ಗ್ರಾಂ ಪ್ರೋಟೀನ್ ಇರ್ತದ ಖರೆ. ನಮಗ ದಿನಕ್ಕ ಬೇಕಾಗೂದು ಕಿಲೋ ತೂಕಕ್ಕ 0.83 ಗ್ರಾಂ, 70 ಕಿಲೋ ಮನಷ್ಯಾಗ 58 ಗ್ರಾಂ. ಬ್ಯಾಳಿ, ಮೊಸರು, ಹಾಲು, ಶೇಂಗಾ, ಕಡ್ಲಿ, ರೊಟ್ಟಿ ಕೂಡಿದ್ರ ಇದು ಆಗ್ತದ. ಭಾರ ಎತ್ತೋ ಹುಡುಗ್ರಿಗೆ ಜಾಸ್ತಿ ಬೇಕು, ಅವ್ರು ತಗೊಂಡ್ರ ತಗೊಳ್ಲಿ. ಊಟದ ಬದಲಿ ಶೇಕು ಕುಡೀರಿ ಅಂತ ಮನಿಗೆ ಬಂದು ಮಾರೋ ಡಬ್ಬಿ ನಾವೂ ಒಮ್ಮೆ ತಗೊಂಡಿದ್ವಿ, ಕುಡಿಯೋ ತನಕ ತೂಕ ಇಳೀತು, ಬಿಟ್ಟ ಎರಡು ತಿಂಗಳಕ್ಕ ಮರಳಿ ಬಂತು, ರೊಕ್ಕ ಮಾತ್ರ ಬರಲಿಲ್ಲ.

ಕುಡಿಯೋ ಸಲಹಾಗಳು

ಜೇನು ಲಿಂಬಿ ನೀರು, ಜೀರಿಗಿ ನೀರು, ಮೆಂತ್ಯದ ನೀರು, ಬರೇ ಬಿಸಿ ನೀರು, ಗ್ರೀನ್ ಟೀ. ಇವುಗಳೊಳಗ ಯಾವುದೂ ಬೊಜ್ಜು ಕರಗಿಸಂಗಿಲ್ಲ, ನೀರು ಬಿಸಿ ಇದ್ದ ಮಾತ್ರಕ್ಕ ಹೊಟ್ಟಿ ಕೊಬ್ಬು ತುಪ್ಪದಂಗ ಕರಗೂದಾದ್ರ ನಾವು ಬಿಸಿ ಬಿಸಿ ಚಾ ಕುಡದೇ ಕಡ್ಡಿ ಆಗ್ತಿದ್ವಿ. ಜೇನು ಅಂದ್ರ ಸಕ್ಕರಿನೇ, ದೊಡ್ಡ ಚಮಚಕ್ಕ 60 ಕ್ಯಾಲರಿ, ಶುಗರ್ ಇದ್ದವ್ರಿಗೆ ಬ್ಯಾಡೇ ಬ್ಯಾಡ. ಮೆಂತ್ಯ ಮಾತ್ರ ಸಕ್ಕರಿ ಸ್ವಲ್ಪ ಇಳಿಸ್ತದ, ಅದರಾಗ ನಾರು ಅದ, ನೀರು ಕುಡದು ಕಾಳು ಬಿಸಾಡಬ್ಯಾಡ್ರಿ, ಕಾಳೂ ತಿನ್ರಿ. ಗುಳಗಿ ಬದಲಿ ಅಲ್ಲ, ಗುಳಗಿ ಜೋಡಿ.

ನಮ್ಮ ಬಿಸಲಿಗೆ ಎಲ್ಲಾದಕ್ಕಿಂತ ಚಲೋದು ತಣ್ಣನ ಮಡಕಿ ನೀರು ಮತ್ತ ತಿಳಿ ಮಜ್ಜಿಗಿ. ಉಪ್ಪು ಕೈ ಹಿಡದು ಹಾಕ್ರಿ, ದಿನಕ್ಕ ಎಲ್ಲಾ ಸೇರಿ 5 ಗ್ರಾಮಿನೊಳಗ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ, ಅಂದ್ರ ಒಂದು ಸಣ್ಣ ಚಮಚ, ನಮ್ಮ ಉಪ್ಪಿನಕಾಯಿ ಹಪ್ಪಳ ಹಿಂಡಿಯೊಳಗೇ ಅದರ ಅರ್ಧ ಮುಗೀತದ. ಮತ್ತ ಚಾ. ದಿನಕ್ಕ ಐದು ಚಾ, ಪ್ರತಿಯೊಂದಕ್ಕ ಎರಡು ಚಮಚ ಸಕ್ಕರಿ ಅಂದ್ರ 40–50 ಗ್ರಾಂ ಸಕ್ಕರಿ ಬರೇ ಚಾದಾಗ ಹೋಯ್ತು. ಬೇರೆ ಏನೂ ಮಾಡಕ್ಕಾಗಲ್ಲ ಅನ್ನೋರು ಚಾ ಕಮ್ಮಿ ಮಾಡೋದೊಂದು ಹಿಡೀರಿ, ಅಡಗಿ ಮಾಡೋರಿಗೆ ಕೆಲಸಾನೂ ಕಮ್ಮಿ ಆಗ್ತದ.

ಚಿಯಾ ಬೀಜ ತಗೋಬೇಕೋ ಅಂತ ಕೇಳ್ತಾರ. ಮನ್ಯಾಗ ಅಗಸಿ ಹಿಂಡಿ ಇದ್ರ ಬ್ಯಾಡ. ಒಮೆಗಾ 3 ಅನ್ನೋ ಚಲೋ ಕೊಬ್ಬು ಎರಡರಾಗೂ ಅದ, ನಾರು ಎರಡರಾಗೂ ಅದ, ಅಗಸಿ ಮಾತ್ರ ಪುಡಿ ಮಾಡಿ ತಿನ್ನಬೇಕು ಇಲ್ಲಂದ್ರ ಇಡೀ ಕಾಳು ಹಂಗೇ ಹೊರಗ ಹೋಗ್ತದ. ನಮ್ಮ ಆಯಿಗಳು ಹುರದು ಕುಟ್ಟಿ ಹಿಂಡಿ ಮಾಡಿದ್ದು ಅದಕ್ಕೇ ಇರಬೇಕು.

ಜಿಮ್ಮು, ವಾಕಿಂಗು, ಗರಡಿ, ಯೋಗ

ವಾರಕ್ಕ 150 ನಿಮಿಷ ಬಿರುಸು ನಡಿಗಿ, ಎರಡು ದಿನ ಸ್ನಾಯು ಬಲದ ವ್ಯಾಯಾಮ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವ್ರಿಗೆ ಕೇಳೂದು ಕಮ್ಮೀತಕಮ್ಮಿ ಇಷ್ಟು. ಎರಡೂ ಬೇಕು, ಒಂದರ ಬದಲಿ ಇನ್ನೊಂದಲ್ಲ, ಇದನ್ನ ನಮ್ಮ ಮಂದಿ ತಿಳ್ಕೊಂಡಿಲ್ಲ. ಗಂಡಸ್ರು ವಾಕಿಂಗ್ ಮಾಡಿದ್ರ ಆಯ್ತು ಅಂತಾರ, ಹುಡುಗ್ರು ಬರೇ ತೋಳು ದಪ್ಪ ಮಾಡ್ತಾರ, ಹೆಣ್ಮಕ್ಕಳು ಮನಿ ಕೆಲಸಾನೇ ವ್ಯಾಯಾಮ ಅಂತ ಸುಮ್ಮನಾಗ್ತಾರ.

10,000 ಹೆಜ್ಜಿ ಅನ್ನೋದು ಎಲ್ಲಿಂದ ಬಂತು ಗೊತ್ತೇನು? ಯಾವ ಡಾಕ್ಟರೂ ಲೆಕ್ಕ ಹಾಕಿ ಕೊಟ್ಟಿದ್ದಲ್ಲ, 1965ರಾಗ ಜಪಾನಿನ ಒಂದು ಕಂಪನಿ ಹೆಜ್ಜಿ ಎಣಿಸೋ ಮಷಿನ್ ಮಾರಲಿಕ್ಕೆ ತಂತು, ಅದರ ಹೆಸರಿಗೇ ಹತ್ತು ಸಾವಿರ ಹೆಜ್ಜಿ ಅಳಿಯೋ ಯಂತ್ರ ಅಂತ ಅರ್ಥ ಇತ್ತು. ಅಮೆರಿಕಾದಾಗ ವಯಸ್ಸಾದ ಹೆಂಗಸ್ರ ಮ್ಯಾಲ ಮಾಡಿದ ಒಂದು ಅಧ್ಯಯನ 2019ರಾಗ ಬಂತು, ದಿನಕ್ಕ 4,400 ಹೆಜ್ಜಿ ನಡದವ್ರೇ 2,700 ನಡದವ್ರಿಗಿಂತ ಸಾವಿನ ಅಪಾಯದಿಂದ ದೂರ ಇದ್ರು, 7,500 ದಾಟಿದ ಮ್ಯಾಲ ಜಾಸ್ತಿ ಫರಕು ಕಾಣಲಿಲ್ಲ. ಹಂಗಾಗಿ ಮೊಬೈಲಿನಾಗ ಹತ್ತು ಸಾವಿರ ಆಗಿಲ್ಲಂತ ರಾತ್ರಿ ಹನ್ನೊಂದಕ್ಕ ಪಡಸಾಲಿಯೊಳಗ ಗಿರಕಿ ಹೊಡೆಯೋ ಕಾಕಾನವ್ರೇ, ಮಲಕೋರಿ, ನಿದ್ದಿನೂ ತಬ್ಯೇತಿಗೆ ಬೇಕು.

ಎಲ್ಲಿ ನಡೀಬೇಕು ಅನ್ನೋದು ನಮ್ಮ ಊರಾಗ ಖರೇನೇ ದೊಡ್ಡ ಪ್ರಶ್ನೆ. ಅಪ್ಪನ ಕೆರಿ ಸುತ್ತ, ಪಬ್ಲಿಕ್ ಗಾರ್ಡನ್ನಿನೊಳಗ, ಚಂದ್ರಶೇಖರ ಪಾಟೀಲ ಸ್ಟೇಡಿಯಂ, ಸೇಡಂ ರೋಡಿನವ್ರಿಗೆ ಯೂನಿವರ್ಸಿಟಿ ಕಡಿ. ರಿಂಗ್ ರೋಡ್ ಬ್ಯಾಡ, ಲಾರಿ ಹೊಗಿ ಧೂಳು. ಬೀದರದವ್ರಿಗೆ ಕಿಲ್ಲಾ ಅದ, ಯಾದಗಿರಿಯವ್ರಿಗೆ ಗುಡ್ಡದ ಕಿಲ್ಲಾದ ಮೆಟ್ಟಲ ಅವ, ಅವು ಹತ್ತಿದ್ರ ಕಾಲಿಗೂ ಬಲ ಎದಿಗೂ ಬಲ, ಮೊಣಕಾಲ ಬ್ಯಾನಿ ಇದ್ದವ್ರು ಮಾತ್ರ ಬ್ಯಾಡ. ಟೈಮ್ ಅಂದ್ರ ಮಾರ್ಚಿನಿಂದ ಜೂನ್ ತನಕ ಮುಂಜಾನಿ ಐದೂವರಿ ಆರಕ್ಕ ಹೊರಟು ಏಳರೊಳಗ ಮನಿ ಸೇರ್ರಿ. ಬೆವರು ಬಂದಷ್ಟು ಬೊಜ್ಜು ಕರಗ್ತದ ಅಂತ ಹೊಟ್ಟಿಗೆ ಪ್ಲಾಸ್ಟಿಕ್ ಬೆಲ್ಟ್ ಸುತ್ತಿ ಬಿಸಲಾಗ ಓಡೋರು ಇದ್ದಾರ. ಬೆವರು ಅಂದ್ರ ನೀರು ಮತ್ತ ಉಪ್ಪು, ಎರಡು ಗ್ಲಾಸ್ ನೀರು ಕುಡದ್ರ ಆ ತೂಕ ಮರಳಿ ಬರ್ತದ. ಬೆವರಿಗೇ ಬೊಜ್ಜು ಹೋಗೂದಾದ್ರ ಮೇ ತಿಂಗಳದಾಗ ಕಲಬುರಗಿಯಾಗ ಒಬ್ರೂ ದಪ್ಪ ಇರ್ತಿದ್ದಿಲ್ಲ. ಬಿಸಲಿನ ಹೊಡ್ತ ಜೀವ ತಗೀತದ, ಇದು ತಮಾಷೆ ಅಲ್ಲ.

ಇನ್ನೊಂದು, ಶುಗರ್ ಇದ್ದವ್ರು ಬರಿಗಾಲಿಲೆ ನಡೀಬಾರದು. ಅತ್ತಿಯವ್ರು ಗುಡಿ ಪ್ರದಕ್ಷಿಣಿನೇ ವಾಕಿಂಗ್ ಅಂತ ಹನ್ನೊಂದೂ ಸುತ್ತು ಹಾಕ್ತಿದ್ರು, ಒಂದಿನ ಹೊತ್ತೇರಿದ ಮ್ಯಾಲ ಹೋಗಿ ಕಾದ ಕಲ್ಲಿನ ಮ್ಯಾಲ ನಡದು ಅಂಗಾಲಿಗೆ ಬೊಬ್ಬಿ ಬಂದಿದ್ದೂ ಅವ್ರಿಗೆ ಗೊತ್ತಾಗಿಲ್ಲ, ರಾತ್ರಿ ನಾ ನೋಡಿದೆ. ಹಳೇ ಶುಗರಿನಾಗ ಕಾಲಿನ ಸ್ಪರ್ಶ ಹೋಗಿರ್ತದ. ಈಗ ಮುಂಜಾನಿ ತಂಪಿನಾಗ, ಬೂಟು ಹಾಕ್ಕೊಂಡು ಕೆರಿ ಸುತ್ತ ನಡದು, ಆಮ್ಯಾಲ ಗುಡಿಗೆ ಹೋಗಿ ಕೈ ಮುಗದು ಬರ್ತಾರ. ಸೀರಿ ಮ್ಯಾಲ ಬೂಟು ನೋಡಿ ಮೊದಲ ವಾರ ಓಣಿ ಹೆಣ್ಮಕ್ಕಳು ನಕ್ರು, ಎರಡನೇ ತಿಂಗಳಕ್ಕ ಅವ್ರೊಳಗ ಮೂರು ಮಂದಿ ಬೂಟು ಎಲ್ಲಿ ಸಿಗ್ತಾವ ಅಂತ ಕೇಳ್ಕೊಂಡು ಬಂದ್ರು.

ಜಿಮ್ಮು ಕೆಟ್ಟದ್ದಲ್ಲ, ಬಿಸಲಾಗ ಒಳಗ ವ್ಯಾಯಾಮ ಆಗ್ತದ, ಕಲಿಸೋರು ಇರ್ತಾರ. ವರ್ಷದ ರೊಕ್ಕ ಒಮ್ಮೆಲೇ ಕಟ್ಟಬ್ಯಾಡ್ರಿ, ತಿಂಗಳಿಗೆ ಕಟ್ರಿ. ನಮ್ಮ ಮೈದುನ ವರ್ಷಕ್ಕ ಕಟ್ಟಿ ಎರಡು ತಿಂಗಳು ಹೋದ. ಈಗ ಮನಿ ಮಾಳಗಿ ಮ್ಯಾಲೇ ಮಾವನವ್ರು ಕಲಿಸಿದ ದಂಡ ಬಸ್ಕಿ ಹೊಡೀತಾನ, ಮಾವನವ್ರು ಹುಡುಗರಿದ್ದಾಗ ಗರಡಿ ಮನಿಗೆ ಹೋದವ್ರು, ಮಗಾ ಹತ್ತು ಬಸ್ಕಿಗೆ ಕುಂತ್ಬಿಟ್ರ "ಇನ್ನೂ ಸುರುನೇ ಆಗಿಲ್ಲಲ್ಲೋ" ಅಂತಾರ. ಬಸ್ಕಿ, ಗೋಡಿಗೆ ಕೈ ಕೊಟ್ಟು ಹೊಡೆಯೋ ದಂಡ, ನೀರು ತುಂಬಿದ ಬಾಟ್ಲಿ ಎತ್ತೂದು, ನಲವತ್ತು ದಾಟಿದ ಹೆಣ್ಮಕ್ಕಳಿಗೆ ಇವು ಬೇಕೇ ಬೇಕು, ಸ್ನಾಯು ಇದ್ದಲ್ಲಿ ರಕ್ತದಾಗಿನ ಸಕ್ಕರಿ ಖರ್ಚಾಗ್ತದ. ಯೋಗ ಮೈ ಸಡಿಲಕ್ಕ, ಉಸಿರಿಗೆ, ನಿದ್ದಿಗೆ ಭಾಳ ಛಲೋ, ಆದ್ರ ಬರೇ ಪ್ರಾಣಾಯಾಮ ಮಾಡಿ ನಡಿಗಿ ಬಿಟ್ರ ಸಾಲಂಗಿಲ್ಲ.

ಒಂದು ಲೆಕ್ಕ ಬರಕೊಳ್ರಿ. 70 ಕಿಲೋ ಮನಷ್ಯಾ ಅರ್ಧ ತಾಸು ನಡದ್ರ 120 ಕ್ಯಾಲರಿ ಖರ್ಚು, ಒಂದು ದೊಡ್ಡ ಚಮಚ ಎಣ್ಣಿಯಾಗೂ ಅಷ್ಟೇ. ನಡದು ಬಂದು ಗಾರ್ಡನ್ ಹೊರಗ ಭಜಿ ತಿಂದ್ರ ಲೆಕ್ಕ ಸೊನ್ನಿಗಿಂತ ಕೆಳಗ. ಆದ್ರ ನಡಿಗಿ ಫಾಯ್ದಾ ಬರೇ ತೂಕದಾಗ ನೋಡಬ್ಯಾಡ್ರಿ, ಊಟ ಆದ ಮ್ಯಾಲ ಹತ್ತು ಹದಿನೈದು ನಿಮಿಷ ಅಂಗಳದಾಗ ನಡದ್ರೂ ಊಟದ ನಂತರದ ಶುಗರ್ ಏರೂದು ಕಮ್ಮಿ ಆಗ್ತದ.

ಯಾರು ಯಾವುದು ಹಿಡೀಬೇಕು

ಹೊಸ್ತಲ ಮ್ಯಾಲ ನಿಂತವ್ರು, ನಮ್ಮ ಮನಿಯವ್ರಂಗ, ಮನಿ ಊಟದ ಪಾಲು ಬದಲು ಮಾಡೋದು ಮತ್ತ ದಿನಾ ಅರ್ಧ ತಾಸು ನಡಿಗಿ ಹಿಡೀರಿ. ಚೆನ್ನೈದವ್ರು ಇಂಥಾ ನಮ್ಮ ಭಾರತದ ಮಂದಿ ಮ್ಯಾಲೇ ಮಾಡಿ 2006ರಾಗ ಹೊರಗ ತಂದ ಅಧ್ಯಯನದಾಗ ಊಟ ನಡಿಗಿ ಬದಲು ಮಾಡಿದವ್ರಿಗೆ ಶುಗರ್ ಬರೋದು 28.5 ಪರ್ಸೆಂಟ್ ಕಮ್ಮಿ ಆಯ್ತು, ಗುಳಗಿ ಕೊಟ್ಟವ್ರಿಗೆ 26.4. ನಡಿಗಿ ಗುಳಗಿ ಜೋಡಿ ಹೆಗಲಿಗೆ ಹೆಗಲು ನಿಂತದ! ಶುಗರ್ ಆಗಲೇ ಇದ್ದವ್ರು ಗುಳಗಿ ಬಿಡಬ್ಯಾಡ್ರಿ, ಉಪವಾಸ ಕೇಳಿ ಮಾಡ್ರಿ, ಕಾಲು ದಿನಾ ನೋಡ್ಕೊಳ್ರಿ. ಒಂಟಿ ಇರೋ ಹುಡುಗ್ರು ಓಟ್ಸು, ಕಡಕ್ ರೊಟ್ಟಿ, ಕುದಿಸಿದ ಕಡ್ಲಿ, ತತ್ತಿ ತಿನ್ನೋರಾದ್ರ ತತ್ತಿ. ಕೂಡು ಕುಟುಂಬದವ್ರು ಒಬ್ಬರಿಗೊಂದು ಅಡಗಿ ಬ್ಯಾಡ, ಒಂದೇ ಅಡಗಿ, ತಾಟಿನಾಗ ಪಾಲು ಬ್ಯಾರೆ. ನಮ್ಮ ಮನ್ಯಾಗ ಈಗ ಹಂಗೇ ನಡದದ, ಮುಂಜಾನಿ ಬ್ಯಾಳಿ ಕುಕ್ಕರಿಗೆ ಇಡೋದು, ಪಲ್ಯ ಹೆಚ್ಚೋದು ಮನಿಯವ್ರ ಪಾಲಿಗೆ, ಆ ಅರ್ಧ ತಾಸು ನಾ ಮತ್ತ ಅತ್ತಿಯವ್ರು ಕೆರಿ ಸುತ್ತ.

ಮದಿವಿ ಊಟಕ್ಕ ಹೋಗೋವಾಗ ಮುಂಜಾನಿಂದ ಹಸದು ಹೋಗಬ್ಯಾಡ್ರಿ, ಹಸದವ್ರ ಕೈಗೆ ಲಗಾಮಿಲ್ಲ. ಮೊದಲ ಪಲ್ಯ ಕೋಸಂಬ್ರಿ ಬ್ಯಾಳಿ, ಆಮ್ಯಾಲ ರೊಟ್ಟಿ, ಕಡೀಕ ಸಿಹಿ, ಹೋಳಿಗಿ ಅಥವಾ ಮಾಲಪುರಿ, ಎರಡರಾಗ ಒಂದು, ಪೂರಾ ಖುಷಿಯಿಂದ.

ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸ್ರಿ, ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳ್ತದ, ಒಂದಿನ ಬಾಯಿ ಕಟ್ಟಿ ಹೋದ್ರ ಮೋಸ ಹೋಗಂಗಿಲ್ಲ. ಫೆಬ್ರವರಿಯಾಗ ಅತ್ತಿಯವ್ರದು 7.0 ಬಂದದ, ಮನಿಯವ್ರದು 5.8. ಮುಂದಿನ ಟೆಸ್ಟ್ ಏಪ್ರಿಲ್ ಕಡೀಗೇ, ಮದಿವಿ ಸುರು ಆಗೂಕಿಂತ ಮೊದಲ ಮಾಡಿಸೋಣು ಅಂತ ಮನಿಯವ್ರು ಅಂದ್ರು. ಅತ್ತಿಯವ್ರು ಒಪ್ಪಲಿಲ್ಲ, "ಏಯ್, ಮದಿವಿ ಮುಗೀಲಿ, ಖರೆ ಲೆಕ್ಕ ಅವಾಗ ಸಿಗ್ತದ" ಅಂದ್ರು. ಜೂನ್ ಮೊದಲನೇ ವಾರ ಅಂತ ಕ್ಯಾಲೆಂಡರ್ ಮ್ಯಾಲ ಬರದಿಟ್ಟೀನಿ.